ಚಾಮೊರು ಜನರ ಮೂಲ: ದಂತಕಥೆಯನ್ನೂ ಕಲ್ಲನ್ನೂ ಒಟ್ಟಿಗೆ ಓದೋಣ

ಮೊದಲು ಭೂಪಟ ತೆಗೆದು ಜಾಗ ನೋಡಿಕೊಳ್ಳಿ. ಫಿಲಿಪ್ಪೀನ್ಸ್‌ನ ಪೂರ್ವಕ್ಕೆ, ಜಪಾನಿನ ದಕ್ಷಿಣಕ್ಕೆ ಮರಿಯಾನಾ ದ್ವೀಪಗಳ ಸಾಲಿದೆ. ಗುವಾಮ್ ಎಲ್ಲಕ್ಕಿಂತ ದೊಡ್ಡದು. ಅದರ ಉತ್ತರಕ್ಕೆ ರೋಟಾ, ಟಿನಿಯನ್, ಸೈಪಾನ್. ಈ ದ್ವೀಪಗಳ ಮೂಲ ಜನರೇ ಚಾಮೊರು.

ಇವರ ಪೂರ್ವಜರು ಸುಮಾರು 3,500 ವರ್ಷಗಳ ಹಿಂದೆ ಆಗ್ನೇಯ ಏಷ್ಯಾದ ದ್ವೀಪಗಳ ಕಡೆಯಿಂದ ದೋಣಿಯಲ್ಲಿ ಬಂದರು. ನಡುವೆ ಸುಮಾರು 2,000 ಕಿ.ಮೀ. ಬರೀ ಸಮುದ್ರ. ಆ ಕಾಲಕ್ಕೆ ಎಂಥ ಧೈರ್ಯ, ಅಲ್ವಾ? ಹಳೆಯ ಕೆಂಪು ಲೇಪದ ಮಡಕೆ ಚೂರುಗಳು, ಆಗ್ನೇಯ ಏಷ್ಯಾದಿಂದ ಪೆಸಿಫಿಕ್ ದ್ವೀಪಗಳವರೆಗೆ ಹರಡಿರುವ ಆಸ್ಟ್ರೋನೇಷಿಯನ್ ಭಾಷಾ ಕುಟುಂಬಕ್ಕೆ ಸೇರಿದ ಅವರ ಭಾಷೆ, ಹಳೆಯ ಮೂಳೆಗಳ ಡಿಎನ್‌ಎ ಎಲ್ಲವೂ ಅದೇ ದಿಕ್ಕನ್ನು ತೋರಿಸುತ್ತವೆ.

ಆದರೆ ಚಾಮೊರು ಜನರ ಸ್ವಂತ ಕಥೆಯಲ್ಲಿ ದೋಣಿ ಇಲ್ಲ. ಅಣ್ಣ ಪುಂಟಾನ್, ತಂಗಿ ಫು'ಉನಾ ಇದ್ದಾರೆ. ಪುಂಟಾನ್ ಸಾಯುವ ಹೊತ್ತಿಗೆ ತಂಗಿಯನ್ನು ಕರೆದು, ತನ್ನ ದೇಹದಿಂದ ಲೋಕ ಮಾಡು ಅನ್ನುತ್ತಾನೆ. ಅವಳು ಅವನ ಕಣ್ಣುಗಳಿಂದ ಸೂರ್ಯ ಚಂದ್ರರನ್ನು, ಹುಬ್ಬುಗಳಿಂದ ಕಾಮನಬಿಲ್ಲನ್ನು, ಎದೆಯಿಂದ ಆಕಾಶವನ್ನು, ಬೆನ್ನಿನಿಂದ ಭೂಮಿಯನ್ನು ಮಾಡುತ್ತಾಳೆ. ಕೊನೆಗೆ ತಾನೇ ಬಂಡೆಯಾಗುತ್ತಾಳೆ. ಆ ಬಂಡೆಯಿಂದ ಮನುಷ್ಯರು ಹುಟ್ಟಿದರು. ಗುವಾಮ್‌ನ ದಕ್ಷಿಣದಲ್ಲಿ, ಹುಮಾಟಕ್ ಹಳ್ಳಿಯ ಹತ್ತಿರ ಫೂಹಾ ಕೊಲ್ಲಿಯ ದಡದಲ್ಲಿ ಆ ಬಂಡೆ ಇವತ್ತಿಗೂ ನಿಂತಿದೆ.

ನಮ್ಮಲ್ಲಿ ಹಲವರಿಗೆ ಇಲ್ಲಿ ಪುರುಷಸೂಕ್ತ ನೆನಪಾಗುತ್ತದೆ. ಒಂದು ದೇಹ ಲೋಕವಾಗುವುದು ಎರಡರಲ್ಲೂ ಇದೆ, ನಿಜ. ಆದರೆ ಅಷ್ಟಕ್ಕೇ ಓದು ನಿಲ್ಲಿಸಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ಇಲ್ಲಿ ದೇಹ ಕೊಟ್ಟವನು ಗಂಡು, ಅದರಿಂದ ಲೋಕ ಕಟ್ಟಿದವಳು ಹೆಣ್ಣು. ಚಾಮೊರು ಸಮಾಜದಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತಿತ್ತು. ಕುಲದ ಹಿರಿಯ ಹೆಣ್ಣಿಗೆ ಮಾಗಾಹಾಗಾ, ಹಿರಿಯ ಗಂಡಿಗೆ ಮಾಗಾಲಾಹಿ ಎಂಬ ಸ್ಥಾನ ಇತ್ತು. ಅಂದರೆ ಜೋಡಿಯಾಗಿದ್ದವರು ಗಂಡ ಹೆಂಡತಿ ಅಲ್ಲ, ಒಂದೇ ಕುಲದ ಒಡಹುಟ್ಟಿದವರು. ಕಥೆಯಲ್ಲಿ ಅಣ್ಣ ತಂಗಿ ಇರುವುದು ಸುಮ್ನೆ ಅಲ್ಲ ಅಂತ ನನಗನ್ನಿಸುವುದು ಇದಕ್ಕೇ. ಜನ ಎಲ್ಲಿಂದ ಬಂದರು ಅನ್ನುವುದಕ್ಕೆ ಮಡಕೆ ಚೂರು ಉತ್ತರ ಕೊಡುತ್ತದೆ. ಬಂದವರು ಒಬ್ಬರಿಗೊಬ್ಬರು ಏನಾಗಬೇಕು ಅನ್ನುವುದಕ್ಕೆ ಈ ಕಥೆ ಉತ್ತರ ಕೊಡುತ್ತದೆ. ಒಂದನ್ನು ಸುಳ್ಳು ಮಾಡಿ ಇನ್ನೊಂದನ್ನು ಓದಬೇಕಿಲ್ಲ.

ಇನ್ನು ಲಟ್ಟೆ ಕಲ್ಲುಗಳು, ಅಂದರೆ ಮನೆಗೆ ಆಧಾರವಾಗಿ ನಿಲ್ಲಿಸುತ್ತಿದ್ದ ಕಲ್ಲಿನ ಕಂಬಗಳು. ಇಲ್ಲಿ ಕಾಲದ ಲೆಕ್ಕ ಜಾಸ್ತಿ ಜನ ತಪ್ಪಿಸುತ್ತಾರೆ. ಇವು ಮೊದಲು ಬಂದವರ ಕಾಲದವಲ್ಲ, ಸುಮಾರು 1,000 ವರ್ಷಗಳ ಹಿಂದಿನಿಂದ ಕಾಣುವಂಥವು. ಕೆಳಗಿನ ಕಂಬ ಹಾಲಿಗಿ. ಅದರ ಮೇಲೆ ಬೋಗುಣಿಯನ್ನು ಬಾಯಿ ಮೇಲಾಗಿ ಇಟ್ಟಂತೆ ಕೂರುವ ಕಲ್ಲು ತಾಸಾ. ಇಂಥ ಜೋಡಿಗಳನ್ನು ಎದುರುಬದುರು ಎರಡು ಸಾಲಾಗಿ ನಿಲ್ಲಿಸಿ, ಮೇಲೆ ಮರದ ಮನೆ ಕಟ್ಟುತ್ತಿದ್ದರು. ಸತ್ತವರನ್ನು ಅಲ್ಲೇ ಆಸುಪಾಸಿನಲ್ಲಿ ಹೂಳುತ್ತಿದ್ದರು. ಹಾಗಾಗಿ ಮನೆಯ ಬುಡದಲ್ಲೇ ಹಿರಿಯರು ಇದ್ದರು. ಟಿನಿಯನ್‌ನಲ್ಲಿ ತಾಗಾ ಎಂಬ ಮಹಾಬಲಶಾಲಿ ನಾಯಕನದ್ದೆನ್ನುವ ಮನೆಯ ಕಲ್ಲುಗಳು ಸುಮಾರು 15 ಅಡಿ ಎತ್ತರ. ಈಗ ಒಂದೇ ಒಂದು ನಿಂತಿದೆ. ರೋಟಾದ ಆಸ್ ನಿಯೆವೆಸ್ ಕಲ್ಲುಗಣಿಯಲ್ಲಿ ಇನ್ನೂ ದೊಡ್ಡವು ಅರ್ಧ ಕಡಿದ ಸ್ಥಿತಿಯಲ್ಲಿ ನೆಲದಲ್ಲೇ ಉಳಿದಿವೆ.

ಇತಿಹಾಸದ ಭಾಗ ಚಿಕ್ಕದಾಗಿ: 1521ರಲ್ಲಿ ಸ್ಪೇನಿನ ಪರವಾಗಿ ಹೊರಟಿದ್ದ ನಾವಿಕ ಮೆಗೆಲನ್ ಬಂದ. 1668ರಲ್ಲಿ ಪಾದ್ರಿ ಸಾನ್ ವಿಟೊರೆಸ್ ಸ್ಪೇನಿನ ಮಿಷನ್ ಶುರುಮಾಡಿದ. 1672ರಲ್ಲಿ ಮಾತಾಪಾಂಗ್ ಎಂಬ ನಾಯಕ ಅವನನ್ನು ಕೊಂದ. ಯುದ್ಧ, ರೋಗಗಳಿಂದ ಜನಸಂಖ್ಯೆ ಭಯಂಕರವಾಗಿ ಕುಸಿಯಿತು. ಸ್ಪೇನಿನವರು ಉತ್ತರದ ದ್ವೀಪಗಳ ಜನರನ್ನು ಗುವಾಮ್‌ಗೆ ಎಬ್ಬಿಸಿ ತಂದರು. 1898ರಲ್ಲಿ ಗುವಾಮ್ ಅಮೆರಿಕದ ಕೈಗೆ ಹೋಯಿತು. ಉತ್ತರದ ದ್ವೀಪಗಳನ್ನು ಸ್ಪೇನ್ ಮರುವರ್ಷ ಜರ್ಮನಿಗೆ ಮಾರಿತು. ಒಂದೇ ಜನ ಹೀಗೆ ಎರಡು ಆಡಳಿತಕ್ಕೆ ಹಂಚಿಹೋದರು.

ಇಷ್ಟೆಲ್ಲ ಆದಮೇಲೂ ಉಳಿದದ್ದು ಬಹಳ. ಚಾಮೊರು ಜನ ಕ್ಯಾಥೊಲಿಕ್ ಆದರು, ಆದರೆ ತಾವೊತಾವೊಮೊನಾ ಎಂಬ ಪೂರ್ವಜರ ಆತ್ಮಗಳ ನಂಬಿಕೆ ಬಿಡಲಿಲ್ಲ. ಕಾಡಿಗೆ ಹೋಗುವಾಗ, ಅದರಲ್ಲೂ ಆಲದ ಮರದ ಹತ್ತಿರ, ಅಜ್ಜ ಅಜ್ಜಿ ಎಂದು ಕರೆದು ಅಪ್ಪಣೆ ಕೇಳುತ್ತಾರೆ. ಹಿರಿಯರು ಎದುರಾದರೆ ಅವರ ಕೈಯನ್ನು ಮೂಗಿನ ಹತ್ತಿರ ತಂದು ಗೌರವ ತೋರಿಸುತ್ತಾರೆ. ಶಾಲೆಯಲ್ಲಿ ಆಡಬಾರದು ಎಂದು ಅಮೆರಿಕದ ನೌಕಾ ಆಡಳಿತ ತಡೆದಿದ್ದ ಭಾಷೆ ಈಗ ಗುವಾಮ್‌ನಲ್ಲಿ ಇಂಗ್ಲಿಷ್ ಜೊತೆಗೆ ಅಧಿಕೃತ ಭಾಷೆ. ಫು'ಉನಾಳ ಬಂಡೆಗೆ ಹೋಗುವ ವಾರ್ಷಿಕ ಯಾತ್ರೆಯನ್ನೂ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಶುರುಮಾಡಿದ್ದಾರೆ.