ಸೆಕ್ಷನ್ 115: ಆ ‘ಒಂದು ತಿಂಗಳು’ ಯಾವುದಕ್ಕೆ?

ಮೋಟಾರು ವಾಹನ ಕಾಯ್ದೆ 1988ರ 115ನೇ ಸೆಕ್ಷನ್ ಮೂರು ದಿನ ನನ್ನ ತಲೆ ತಿಂದಿತು. ಈಗ ಬಿಡಿಸಿಕೊಂಡಿದ್ದೇನೆ. ಮರೆಯುವ ಮುಂಚೆ, ಪರೀಕ್ಷೆಗೆ ಓದುತ್ತಿರುವ ನಿಮಗೂ ಆಗಲಿ ಅಂತ ಬರೆದಿಡುತ್ತಿದ್ದೇನೆ.

ಈ ಸೆಕ್ಷನ್ ಪ್ರಕಾರ, ರಸ್ತೆಯಲ್ಲಿ ಯಾವ ವಾಹನ ಓಡಬಾರದು ಅಂತ ಹೇಳುವ ಅಧಿಕಾರ ರಾಜ್ಯ ಸರ್ಕಾರದ್ದು, ಇಲ್ಲವೇ ಅದು ಅಧಿಕಾರ ಕೊಟ್ಟವರದ್ದು. ನಮ್ಮಲ್ಲಿ ಡಿಸಿ ಆದೇಶಗಳ ತಲೆಯಲ್ಲಿ 115ರ ಜೊತೆ ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ 221ಎ(5) ಅಂತಲೂ ಇರುತ್ತದೆ. ಎರಡನ್ನೂ ಜೋಡಿಯಾಗಿಯೇ ನೆನಪಿಡಿ. ನಿರ್ಬಂಧ ಹಾಕಲು ಕಾರಣ ಮೂರು: ಜನರ ಸುರಕ್ಷತೆ, ಜನರ ಅನುಕೂಲ, ರಸ್ತೆ ಅಥವಾ ಸೇತುವೆಯ ಸ್ಥಿತಿ. ಒಂದಿದ್ದರೂ ಸಾಕು.

ಈಗ ನಾನು ಎಡವಿದ ಜಾಗ. ನಮ್ಮ ಚಿಕ್ಕಪ್ಪ ಹತ್ತು ಚಕ್ರದ ಲಾರಿಯಲ್ಲಿ ಮಂಗಳೂರಿಗೆ ಕಾಫಿ ಲೋಡು ಹೊಡೆಯುತ್ತಾರೆ. ಅವರ ಮೊಬೈಲಿನಲ್ಲಿ ಶಿರಾಡಿ ಘಾಟಿ ಬಂದ್ ಆದೇಶದ ಫೋಟೊ ಇತ್ತು. ಕೊನೆಯ ಸಾಲು ‘ಮುಂದಿನ ಆದೇಶದವರೆಗೆ’. ನಾನು ಸೆಕ್ಷನ್ ಓದಿ, ‘ಚಿಕ್ಕಪ್ಪ, ಡಿಸಿಯವರು ಒಂದು ತಿಂಗಳಿಗಿಂತ ಜಾಸ್ತಿ ನಿಲ್ಲಿಸೋ ಹಾಗಿಲ್ಲ’ ಅಂದುಬಿಟ್ಟೆ. ಅದು ತಪ್ಪು.

ವಾಕ್ಯವನ್ನು ಎರಡು ತುಂಡು ಮಾಡಿ ಓದಿ. ಮೊದಲ ತುಂಡು: ಸರ್ಕಾರದ ಅಧಿಕೃತ ಪತ್ರಿಕೆಯಾದ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿ ನಿರ್ಬಂಧ ಹಾಕಬಹುದು. ಎಷ್ಟು ದಿನ ಅಂತ ಮಿತಿಯೇ ಇಲ್ಲ. ಎರಡನೆಯದು ಪರಂತುಕ, ಅಂದರೆ ‘ಆದರೆ’ ಅಂತ ಕೊನೆಗೆ ಸೇರಿಸಿದ ವಿನಾಯಿತಿ: ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ಗೆಜೆಟ್ ಬೇಕಿಲ್ಲ, ಸಾಧ್ಯವಾದಷ್ಟು ಸ್ಥಳೀಯ ಪ್ರಚಾರ ಕೊಟ್ಟರೆ ಆಯಿತು. ಅಂದರೆ ತಿಂಗಳ ಲೆಕ್ಕ ಅಧಿಕಾರಕ್ಕಲ್ಲ, ಗೆಜೆಟ್‌ನಿಂದ ಸಿಗುವ ವಿನಾಯಿತಿಗೆ. ದೋಣಿಗಾಲ್ ಹತ್ತಿರ ರಾತ್ರಿ ಗುಡ್ಡ ಜರಿದರೆ ಗೆಜೆಟ್ ಬರಲಿ ಅಂತ ಕಾಯೋಕಾಗಲ್ಲ, ಅಲ್ವಾ? ಅದಕ್ಕೇ ಈ ವಿನಾಯಿತಿ. ತಿಂಗಳು ದಾಟಿತೋ, ಗೆಜೆಟ್ ಬೇಕು. ಹಾಗಾಗಿ ‘ಮುಂದಿನ ಆದೇಶದವರೆಗೆ’ ಅಂತ ಕಂಡಾಗ ಕೇಳಬೇಕಾದ ಪ್ರಶ್ನೆ ‘ಅಧಿಕಾರ ಇದೆಯಾ’ ಅಂತಲ್ಲ, ‘ತಿಂಗಳಾದ ಮೇಲೆ ಗೆಜೆಟ್ ಆಯಿತಾ’ ಅಂತ.

ಶಿರಾಡಿಯ ರಸ್ತೆ ರಾಷ್ಟ್ರೀಯ ಹೆದ್ದಾರಿ 75. ಕೇಂದ್ರದ ರಸ್ತೆಯಲ್ಲಿ ಡಿಸಿ ಲಾರಿ ನಿಲ್ಲಿಸುವುದು ಹೇಗೆ ಅನ್ನುವ ಗೊಂದಲವೂ ಇತ್ತು. ಸಂವಿಧಾನದಲ್ಲಿ ರಾಷ್ಟ್ರೀಯ ಹೆದ್ದಾರಿ ಕೇಂದ್ರ ಪಟ್ಟಿಯ 23ನೇ ನಮೂದು; ಯಂತ್ರಚಾಲಿತ ವಾಹನ ಮಾತ್ರ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ 35. ಸೆಕ್ಷನ್ 115 ‘ನಿರ್ದಿಷ್ಟ ರಸ್ತೆ’ ಅನ್ನುತ್ತದೆ, ಅದು ಯಾರ ರಸ್ತೆ ಅಂತ ಕೇಳುವುದಿಲ್ಲ. ಆದರೆ ಘಾಟಿಯ ಮೇಲ್ಭಾಗ ಹಾಸನ, ಗುಂಡ್ಯದ ಕಡೆ ದಕ್ಷಿಣ ಕನ್ನಡ. ಚಾರ್ಮಾಡಿಯೂ ಹಾಗೇ, ಕೊಟ್ಟಿಗೆಹಾರ ಚಿಕ್ಕಮಗಳೂರಿಗೆ, ಕೆಳಗೆ ಬೆಳ್ತಂಗಡಿ ತಾಲ್ಲೂಕು. ಒಬ್ಬ ಡಿಸಿಯ ಆದೇಶ ಅವರ ಜಿಲ್ಲೆಯ ಗಡಿವರೆಗೆ ಮಾತ್ರ.

ವಿಪತ್ತು ನಿರ್ವಹಣಾ ಕಾಯ್ದೆ 2005ರ 34ನೇ ಸೆಕ್ಷನ್ನಿನಲ್ಲೂ ಸಂಚಾರ ನಿಯಂತ್ರಿಸುವ ಅಧಿಕಾರವಿದೆ. ಅಲ್ಲಿ ಅದು ಜಿಲ್ಲಾ ಪ್ರಾಧಿಕಾರದ್ದು, ಅದರ ಅಧ್ಯಕ್ಷರೂ ಡಿಸಿಯೇ. ಉತ್ತರ ಬರೆಯುವಾಗ ಎರಡನ್ನೂ ಬೆರೆಸಬೇಡಿ.

ನಿರ್ಬಂಧ ಮೀರಿದರೆ ದಂಡ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194(1)ರಲ್ಲಿದೆ. ಎಲ್ಲರೂ ಅದನ್ನು ಓವರ್‌ಲೋಡಿಗೆ ಅಂತಷ್ಟೇ ಓದುತ್ತಾರೆ. ಭಾರದ ಮಿತಿ, ತೂಕ ಪರಿಶೀಲನೆಯ 113, 114ರ ಜೊತೆ 115 ಕೂಡ ಅಲ್ಲೇ ಇದೆ: 2019ರ ತಿದ್ದುಪಡಿಯಂತೆ 20,000 ರೂಪಾಯಿ. ಹೆಚ್ಚುವರಿ ಭಾರವಿದ್ದರೆ ಟನ್ನಿಗೆ 2,000 ಬೇರೆ.

ಇನ್ನೊಂದು ಮಾತು. ನಿರ್ಬಂಧ ಹಾಕಿದಾಗ 116ರ ಅಡಿ ‘ಸೂಕ್ತ ಜಾಗಗಳಲ್ಲಿ’ ಫಲಕ ಹಾಕಲೇಬೇಕು ಅಂತಲೂ 115 ಹೇಳುತ್ತದೆ. ಪರಂತುಕ ಗೆಜೆಟ್ಟಿಗೆ ವಿನಾಯಿತಿ ಕೊಡುತ್ತದೆ, ಫಲಕಕ್ಕಲ್ಲ. ಒಮ್ಮೆ ಚಿಕ್ಕಪ್ಪನ ಲಾರಿಯನ್ನು ಸಕಲೇಶಪುರದಲ್ಲಿ ವಾಪಸ್ ತಿರುಗಿಸಿದರು. ಟಾರ್ಪಾಲಿನ ಮಡಿಕೆಯಲ್ಲಿ ನಿಂತ ಮಳೆನೀರನ್ನು ಕೋಲಿನಿಂದ ಎತ್ತಿ ಚೆಲ್ಲಿ, ಮತ್ತೆ ಹಾಸನದವರೆಗೆ ಸುಮಾರು 40 ಕಿ.ಮೀ. ಬಂದರು. ಅಲ್ಲಿಂದ ಅರಕಲಗೂಡು, ಕುಶಾಲನಗರ, ಸಂಪಾಜೆ. ಆ ಫಲಕ ಹಾಸನದ ಬೈಪಾಸ್‌ನಲ್ಲೇ ಇದ್ದಿದ್ದರೆ ಅಷ್ಟು ಡೀಸೆಲ್ ಉಳಿಯುತ್ತಿತ್ತು. ‘ಸೂಕ್ತ ಜಾಗ’ ಅಂದರೆ ಲಾರಿ ಬೇರೆ ದಾರಿ ಹಿಡಿಯಲು ಇನ್ನೂ ಅವಕಾಶ ಇರುವ ಜಾಗ ಅಂತಲೇ ನಾನು ಓದಿಕೊಂಡಿದ್ದೇನೆ.