ನೀರೇ ಚಕ್ರ, ನೀರೇ ಬ್ರೇಕು

ವಾಟರ್ ಪಾರ್ಕಿನ ಜಾರುಬಂಡೆಗೆ ಸ್ಟಿಯರಿಂಗ್ ಇಲ್ಲ, ಬ್ರೇಕಿಲ್ಲ, ಹಳಿಯೂ ಇಲ್ಲ. ರೋಲರ್ ಕೋಸ್ಟರಿನ ಗಾಡಿಯನ್ನು ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ಚಕ್ರಗಳು ಹಳಿಗೆ ಕಚ್ಚಿ ಹಿಡಿದಿರುತ್ತವೆ. ಜಾರುಬಂಡೆಯಲ್ಲಿ ಇಳಿಯುವವರನ್ನು ಫೈಬರಿಗೆ ಅಂಟಿಸಿ ಇಟ್ಟುಕೊಳ್ಳುವುದು ಅವರ ಮೈತೂಕ ಮಾತ್ರ. ಅಡಿಯಲ್ಲಿ ಹರಿಯುವ ತೆಳು ನೀರೇ ಚಕ್ರ, ಕೊನೆಯಲ್ಲಿ ನಿಂತ ನೀರೇ ಬ್ರೇಕು. ಇಳಿಯುವವರ ತೂಕ, ಹರಿಯುವ ನೀರಿನ ಪ್ರಮಾಣ, ಒಬ್ಬರಿಗೂ ಇನ್ನೊಬ್ಬರಿಗೂ ನಡುವಿನ ಅಂತರ, ಈ ಮೂರೂ ವಿನ್ಯಾಸದ ಲೆಕ್ಕದೊಳಗೆ ಇರುವವರೆಗೆ ಅದು ಆಟ. ಈ ಲೆಕ್ಕ ಕಾಯುವ ಕೆಲಸವನ್ನು ಒಂದು ಸೂಚನಾ ಫಲಕಕ್ಕೂ, ಬೆಳಗಿನಿಂದ ಬಿಸಿಲಲ್ಲಿ ನಿಂತ ಹುಡುಗನಿಗೂ ವಹಿಸಿ ಸುಮ್ಮನಾಗುವುದು ಈ ಕಸುಬಿನ ಅತಿ ದೊಡ್ಡ ತಪ್ಪು. ಅನಾಹುತಗಳ ವರದಿಗಳನ್ನು ಓದಿದಷ್ಟೂ ಇದೇ ಕಾಣುತ್ತದೆ.

ಮೊದಲು ವೇಗದ ಮಾತು. 10 ಮೀಟರ್ ಎತ್ತರದಿಂದ ಯಾವ ತಡೆಯೂ ಇಲ್ಲದೆ ಇಳಿದರೆ ತಳದಲ್ಲಿ ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ 50 ಕಿಲೋಮೀಟರ್ ವೇಗ. ನೀರು, ಗಾಳಿ, ಬಟ್ಟೆಯ ಉಜ್ಜಾಟ ಇದರಲ್ಲಿ ಒಂದಷ್ಟನ್ನು ತಿನ್ನುತ್ತವೆ. ಎಷ್ಟು ತಿನ್ನುತ್ತವೆ ಎನ್ನುವುದು ಎಲ್ಲರಿಗೂ ಒಂದೇ ಅಲ್ಲ. ತೂಕ ದುಪ್ಪಟ್ಟಾದರೆ ಮೈಯ ಅಗಲ ದುಪ್ಪಟ್ಟಾಗುವುದಿಲ್ಲ, ಆದ್ದರಿಂದ 90 ಕಿಲೋ ತೂಗುವವರು 30 ಕಿಲೋದ ಮಗುವಿಗಿಂತ ಜೋರಾಗಿ ಇಳಿಯುತ್ತಾರೆ.

ಈ ವೇಗದಲ್ಲಿ ಒಂದು ದಿಬ್ಬ ಎದುರಾದರೆ ಏನಾಗುತ್ತದೆ? ದಿಬ್ಬದ ನೆತ್ತಿಯ ತ್ರಿಜ್ಯ 5 ಮೀಟರ್ ಇದ್ದರೆ ಸೆಕೆಂಡಿಗೆ 7 ಮೀಟರ್, ಅಂದರೆ ಗಂಟೆಗೆ ಸುಮಾರು 25 ಕಿಲೋಮೀಟರ್ ದಾಟಿದ ಕೂಡಲೇ ಮೈ ಫೈಬರನ್ನು ಬಿಟ್ಟು ಗಾಳಿಗೆ ಏಳುತ್ತದೆ. ತ್ರಿಜ್ಯ 20 ಮೀಟರಿಗೆ ಏರಿಸಿದರೆ ಈ ಗಡಿ ಗಂಟೆಗೆ 50 ಕಿಲೋಮೀಟರಿಗೆ ಹೋಗುತ್ತದೆ. ಕಾಗದದ ಮೇಲೆ ಎರಡು ಸಾಲಿನ ಲೆಕ್ಕ ಇದು. ಅಮೆರಿಕದ ಕ್ಯಾನ್ಸಾಸ್ ಸಿಟಿಯ ಶ್ಲಿಟರ್‌ಬಾನ್ ಪಾರ್ಕಿನಲ್ಲಿ 2014ರ ಜುಲೈನಲ್ಲಿ ತೆರೆದ ‘ಫೆರ್ಯುಕ್ಟ್’ ಎಂಬ ಜಾರುಬಂಡೆ ಈ ಲೆಕ್ಕದ ಮೇಲೇ ಮುಗ್ಗರಿಸಿತು. ಎತ್ತರ 51 ಮೀಟರ್, ಆಗ ಜಗತ್ತಿನಲ್ಲೇ ಎಲ್ಲಕ್ಕಿಂತ ಎತ್ತರ. ಮೂವರು ಕೂರುವ ರಬ್ಬರ್ ತೆಪ್ಪ ಧುಮುಕಿ, ಮತ್ತೆ ಒಂದು ದಿಬ್ಬ ಹತ್ತಿ ಇಳಿಯಬೇಕಿತ್ತು. ಪರೀಕ್ಷೆಯ ಹೊತ್ತಿಗೇ ಮರಳಿನ ಚೀಲ ಹೊತ್ತ ತೆಪ್ಪಗಳು ದಿಬ್ಬದ ಮೇಲೆ ಹಾರಿಹೋದವು. ಇಳಿಜಾರಿನ ಒಂದು ಭಾಗವನ್ನು ಕೆಡವಿ ಕಟ್ಟಿದರು, ಮೇಲೆ ಬಲೆ ಹೊದಿಸಿದರು, ಬಲೆಯನ್ನು ಎತ್ತಿ ಹಿಡಿಯಲು ಅಡ್ಡಕ್ಕೆ ಲೋಹದ ಕಮಾನುಗಳನ್ನು ನಿಲ್ಲಿಸಿದರು.

2016ರ ಆಗಸ್ಟ್ 7ರಂದು ತೆಪ್ಪ ಅದೇ ದಿಬ್ಬದ ಮೇಲೆ ಎದ್ದಿತು. ಮುಂದೆ ಕೂತಿದ್ದ ಹತ್ತು ವರ್ಷದ ಹುಡುಗ ಆ ಕಮಾನಿಗೇ ಬಡಿದು ತೀರಿಕೊಂಡ. ಹಾರಿದವರನ್ನು ಉಳಿಸಲೆಂದು ಹಾಕಿದ ವಸ್ತುವೇ ಕೊಂದಿತು.

ಮೂವರ ಒಟ್ಟು ತೂಕಕ್ಕೆ 400ರಿಂದ 550 ಪೌಂಡ್, ಅಂದರೆ ಸುಮಾರು 181ರಿಂದ 249 ಕಿಲೋ ಎಂಬ ಮಿತಿ ಇತ್ತು. ಅಂದಿನ ಮೂವರೂ ಸೇರಿ ಆ ಮಿತಿಯ ಒಳಗೇ ಇದ್ದರು. ಆದರೆ ಎಲ್ಲರಿಗಿಂತ ಹಗುರಾದವನು ಮುಂದೆ, ಭಾರ ಪೂರಾ ಹಿಂದೆ. ಹಾಗೆ ಕೂತಾಗ ತೆಪ್ಪದ ಮೂತಿ ಏಳುತ್ತದೆ, ಎದ್ದ ಮೂತಿಯ ಅಡಿಗೆ ಗಾಳಿ ನುಗ್ಗುತ್ತದೆ. ತಕ್ಕಡಿ ಒಟ್ಟು ತೂಕ ಹೇಳುತ್ತದೆ, ಯಾರು ಎಲ್ಲಿ ಕೂತರು ಎನ್ನುವುದನ್ನು ಹೇಳುವುದಿಲ್ಲ. ಹಾಗಾಗಿ ನಮ್ಮಲ್ಲೂ ಮೂರು-ನಾಲ್ಕು ಜನ ಕೂರುವ ತೆಪ್ಪದ ಆಟಗಳಲ್ಲಿ ‘ಒಟ್ಟು ಇಷ್ಟು ಕಿಲೋ’ ಎಂದಷ್ಟೇ ಬರೆದರೆ ಸಾಲದು. ಯಾವ ಸೀಟಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬುದೂ ತಯಾರಕರ ಕೈಪಿಡಿಯಲ್ಲಿ ಇರಬೇಕು, ಆ ಪ್ರಕಾರವೇ ಕೂರಿಸಬೇಕು.

ತಿರುವುಗಳಲ್ಲಿ ಲೆಕ್ಕ ಇದೇ, ದಿಕ್ಕು ಬೇರೆ. 3 ಮೀಟರ್ ತ್ರಿಜ್ಯದ ತಿರುವನ್ನು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಹಾಯುವವರನ್ನು ಗುರುತ್ವದ ಎರಡು ಪಟ್ಟಿಗೂ ಮಿಕ್ಕಿದ ಬಲ ಹೊರಗೋಡೆಗೆ ತಳ್ಳುತ್ತದೆ. ಅವರು 65 ಡಿಗ್ರಿಯಷ್ಟು ಗೋಡೆ ಏರುತ್ತಾರೆ. ವಿನ್ಯಾಸಕಾರರು ಸೆಕೆಂಡಿಗೆ 6 ಮೀಟರ್ ಎಂದು ಎಣಿಸಿ ಗೋಡೆಯ ಎತ್ತರ ನಿಗದಿ ಮಾಡಿದ್ದರೆ ಅಂಚಿಗೂ ತಲೆಗೂ ನಡುವೆ ಏನೂ ಉಳಿಯುವುದಿಲ್ಲ. ಅಮೆರಿಕದ ಎಎಸ್‌ಟಿಎಂ ಎಫ್2376, ಯುರೋಪಿನ ಇಎನ್ 1069 ಮಾನದಂಡಗಳು ಜಾರುಬಂಡೆಗಳಿಗೆಂದೇ ಇವೆ. ಹೊಸ ಆಟ ಕೊಳ್ಳುವ ಮಾಲೀಕರು ‘ಯಾವ ಮಾನದಂಡಕ್ಕೆ ಕಟ್ಟಿದ್ದೀರಿ, ಅತಿ ಭಾರದವರ ಮತ್ತು ಅತಿ ಹಗುರದವರ ವೇಗದ ಲೆಕ್ಕ ಎಲ್ಲಿದೆ’ ಎಂದು ಕೇಳಿ ಬರವಣಿಗೆಯಲ್ಲೇ ಪಡೆಯಬೇಕು. ಚಿತ್ರ ನೋಡಿ ಅಚ್ಚು ಹಾಕಿಸಿದ ನಕಲು ಸ್ಲೈಡಿಗೆ ಈ ಕಾಗದ ಇರುವುದಿಲ್ಲ.

ದಿನನಿತ್ಯ ಹಲ್ಲು, ಮೂಗು, ಪಕ್ಕೆಲುಬು ಮುರಿಯುವುದು ಇಂಥ ದೊಡ್ಡ ತಪ್ಪಿನಿಂದಲ್ಲ. ಹಿಂದಿನವರು ಮುಂದಿನವರಿಗೆ ಬಂದು ಗುದ್ದುವುದರಿಂದ. 100 ಮೀಟರ್ ಉದ್ದದ ಜಾರುಬಂಡೆಯಲ್ಲಿ ಮಗುವಿನ ಸರಾಸರಿ ವೇಗ ಸೆಕೆಂಡಿಗೆ 5 ಮೀಟರ್ ಎನ್ನಿ, 20 ಸೆಕೆಂಡ್ ಬೇಕು. ಹಿಂದಿನ ದೊಡ್ಡವರ ವೇಗ 8 ಮೀಟರ್, ಅವರಿಗೆ ಹನ್ನೆರಡೂವರೆ ಸೆಕೆಂಡ್ ಸಾಕು. ಮೇಲೆ ನಿಂತವನು 8 ಸೆಕೆಂಡ್ ಎಣಿಸಿ ಬಿಟ್ಟರೆ ಇಬ್ಬರೂ ಅರ್ಧ ಸೆಕೆಂಡಿನ ಅಂತರದಲ್ಲಿ ಕೆಳಗೆ ಬರುತ್ತಾರೆ. ಮಗು ಇನ್ನೂ ಕಣ್ಣೊರೆಸಿಕೊಳ್ಳುತ್ತಿರುತ್ತದೆ. 6 ಸೆಕೆಂಡಿಗೇ ಬಿಟ್ಟರೆ ಡಿಕ್ಕಿ ಸ್ಲೈಡಿನ ಒಳಗೇ ಆಗುತ್ತದೆ. ಮುಂದಿನವರು ಕೊಳದಿಂದ ಮೆಟ್ಟಿಲು ಹತ್ತಿದ ಮೇಲೆಯೇ ಹಿಂದಿನವರನ್ನು ಬಿಡಬೇಕು. ಮುಚ್ಚಿದ ಕೊಳವೆಯ ಸ್ಲೈಡಿನಲ್ಲಿ ಮೇಲಿನವರಿಗೆ ಕೆಳಗಿನದು ಕಾಣುವುದಿಲ್ಲ. ಅಲ್ಲಿ ಹೊರಬಾಯಿಯಲ್ಲಿ ಸೆನ್ಸರ್, ಮೇಲೆ ಅದಕ್ಕೆ ಬೆಸೆದ ಗೇಟು ಇರಬೇಕು. ಹೋದವರು ಹೊರಬಂದ ಹೊರತು ಗೇಟು ತೆರೆಯಕೂಡದು.

ಡಿಸೆಂಬರಿನ ಶಾಲಾ ಪ್ರವಾಸದ ದಿನ ಮೆಟ್ಟಿಲ ತುಂಬ ಇನ್ನೂರು ಮಕ್ಕಳು ಕೂಗುತ್ತಿರುವಾಗ ಈ ಅಂತರ ಕರಗಿಹೋಗುತ್ತದೆ. 30 ಸೆಕೆಂಡಿಗೊಬ್ಬರಂತೆ ಗಂಟೆಗೆ 120 ಜನ, 15 ಸೆಕೆಂಡಿಗೊಬ್ಬರಂತೆ 240 ಜನ. ಸಾಲು ಕರಗಿಸಲು ಅಂತರ ಕತ್ತರಿಸುವ ಬದಲು ಇನ್ನೊಂದು ಸ್ಲೈಡ್ ತೆರೆಯಬೇಕು, ಇಲ್ಲವೇ ಟಿಕೆಟ್ ಕಡಿಮೆ ಮಾಡಬೇಕು. ಮಕ್ಕಳು ಸೊಂಟ ಹಿಡಿದು ‘ರೈಲು’ ಮಾಡಿಕೊಂಡು ಇಳಿಯುವುದಕ್ಕಂತೂ ಬಿಡಲೇಬಾರದು. ನಾಲ್ವರು ಸೇರಿದರೆ 120 ಕಿಲೋದ ಒಂದೇ ಮೈ, ಆ ತೂಕಕ್ಕೆ ಲೆಕ್ಕ ಹಾಕಿರುವುದಿಲ್ಲ.

ಕೊನೆಯ ಬ್ರೇಕಿನ ಕಾಲುವೆಗೆ ಬರೋಣ. ಸೆಕೆಂಡಿಗೆ 14 ಮೀಟರ್ ವೇಗದಲ್ಲಿ ಬಂದವರನ್ನು 25 ಮೀಟರಿನಲ್ಲಿ ನಿಲ್ಲಿಸಿದರೆ ಮೈಮೇಲೆ ಬೀಳುವ ಬಲ ಮೈತೂಕದ ಶೇಕಡ 40ರಷ್ಟು. 10 ಮೀಟರಿನಲ್ಲೇ ನಿಲ್ಲಿಸಿದರೆ ಪೂರ್ತಿ ಮೈತೂಕದಷ್ಟು. ಈ ಅಂತರ ತೀರ್ಮಾನವಾಗುವುದು ಕಾಲುವೆಯಲ್ಲಿ ನಿಂತ ನೀರಿನ ಮಟ್ಟದಿಂದ. ನೀರು ಕಡಿಮೆಯಾದರೆ ಕೊನೆಯ ಗೋಡೆಯವರೆಗೂ ಜಾರುತ್ತಾರೆ, ಹೆಚ್ಚಾದರೆ ಗೋಡೆಗೆ ಹೊಡೆದಂತೆ ನಿಲ್ಲುತ್ತಾರೆ. ಪಕ್ಕದ ಕೋಡಿಯ ಬಾಯಿಗೆ ಒಂದು ಹಿಡಿ ಎಲೆ ಸಿಕ್ಕಿಕೊಂಡರೂ ಮಟ್ಟ ಬದಲಾಗುತ್ತದೆ. ಗೋಡೆಯ ಮೇಲೆ ಎರಡು ಬಣ್ಣದ ಗೆರೆ ಎಳೆದು, ನೀರು ಅವುಗಳ ನಡುವೆ ಇದ್ದರೆ ಮಾತ್ರ ಆಟ ಎಂದು ನಿಯಮ ಮಾಡುವುದಕ್ಕೆ ಹೆಚ್ಚು ಖರ್ಚಿಲ್ಲ. ಕಡಿದಾದ ಸ್ಲೈಡಿನಲ್ಲಿ ಪಾದ ಒಂದರ ಮೇಲೊಂದು ಹಾಕಿ, ಕೈ ಎದೆಗೆ ಕಟ್ಟಿ ಮಲಗಿ ಎನ್ನುವುದು ಶಿಸ್ತಿಗಾಗಿ ಹೇಳುವ ಮಾತಲ್ಲ. ಕಾಲು ಅಗಲವಾದರೆ ಆ ವೇಗದ ನೀರು ದೇಹದ ಕೆಳದ್ವಾರಗಳ ಒಳಗೆ ನುಗ್ಗಿ ಒಳಗಾಯ ಮಾಡುತ್ತದೆ, ಮುಖ್ಯವಾಗಿ ಹೆಂಗಸರಿಗೆ. ಮುಜುಗರದಿಂದ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕು.

ಫೈಬರಿನ ತುಂಡುಗಳನ್ನು ಬೋಲ್ಟು ಬಿಗಿದು ಸೇರಿಸುವ ಜೋಡಣೆಗಳನ್ನು ಹತ್ತಿರದಿಂದ ನೋಡಿ. ಮಂಗಳೂರು ಹೆಂಚಿನ ಮಾಡಿನಲ್ಲಿ ನೀರು ಮೇಲಿನ ಹೆಂಚಿನಿಂದ ಕೆಳಗಿನದಕ್ಕೆ ತಡೆಯಿಲ್ಲದೆ ಇಳಿಯುತ್ತದಲ್ಲ, ಜೋಡಣೆಯೂ ಹಾಗೇ ಇರಬೇಕು. ಕೆಳಗಿನ ತುಂಡಿನ ಅಂಚು ಉಗುರಿನಷ್ಟು ಮೇಲೆದ್ದರೂ ಅದು ಇಳಿಯುವವರ ಬೆನ್ನಿಗೆ ಎದುರಾದ ಅಲಗು. ಮಧ್ಯಾಹ್ನದ ಬಿಸಿಲಿಗೆ ಫೈಬರ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಸಂದಿನ ಸಿಲಿಕೋನ್ ಕಿತ್ತು ಬರುತ್ತದೆ. ಹುಬ್ಬಳ್ಳಿ-ಧಾರವಾಡದ ಕಡೆಯ ಎರೆಮಣ್ಣಿನಲ್ಲಿ ಕಟ್ಟಿದ ಗೋಪುರವಾದರೆ ಇನ್ನೂ ಕಷ್ಟ. ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಪಾಯ ಆಳವಿಲ್ಲದಿದ್ದರೆ ಕಂಬದೊಂದಿಗೆ ಜೋಡಣೆಯೂ ಸರಿಯುತ್ತದೆ. ಬೆಳಿಗ್ಗೆ ನೀರು ಬಿಡುವ ಮುಂಚೆ ತೆಳು ನೈಲಾನ್ ಬಟ್ಟೆಯೊಂದನ್ನು ಪ್ರತಿ ಜೋಡಣೆಯ ಮೇಲೂ ಎಳೆಯಬೇಕು. ಎಳೆ ಸಿಕ್ಕಿಕೊಂಡರೆ ಚರ್ಮವೂ ಸಿಕ್ಕಿಕೊಳ್ಳುತ್ತದೆ. ಗಡಸು ಬೋರ್‌ವೆಲ್ ನೀರು ಬಳಸುವಲ್ಲಿ ಬಿಳಿ ಸುಣ್ಣದ ಪದರ ಕೂತು ಮೇಲ್ಮೈ ಒರಟಾಗುತ್ತದೆ, ಅದನ್ನೂ ಬೆರಳಾಡಿಸಿ ನೋಡಬೇಕು. ಜೀನ್ಸಿನ ಗುಂಡಿ, ಜಿಪ್ಪುಗಳು ಮೇಲಿನ ನುಣುಪು ಪದರವನ್ನು ಗೀರುತ್ತವೆ. ಹತ್ತಿ ಚೂಡಿದಾರ ನೀರು ಕುಡಿದು ನಡುದಾರಿಯಲ್ಲಿ ತಡೆದು ನಿಲ್ಲಿಸುತ್ತದೆ, ಹಿಂದಿನವರು ಬಂದು ಗುದ್ದುತ್ತಾರೆ. ನೈಲಾನ್ ಉಡುಪು ಕಡ್ಡಾಯ ಮಾಡುವುದಕ್ಕೆ ಇರುವ ಕಾರಣ ಇದೇ.

ಇನ್ನು ಪಾರ್ಕಿನ ಕೃತಕ ನದಿಗಳು. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟಿನ ಡ್ರೀಮ್‌ವರ್ಲ್ಡ್‌ನಲ್ಲಿ ಥಂಡರ್ ರಿವರ್ ರ‍್ಯಾಪಿಡ್ಸ್ ಎಂಬ ಆಟ 1986ರಿಂದ ನಡೆದಿತ್ತು. ನಮ್ಮ ಹರಿಗೋಲಿನಂತೆ ದುಂಡಗಿನ, ಆರು ಜನ ಕೂರುವ ತೆಪ್ಪಗಳು. ನೀರು ಎತ್ತಲು ಎರಡು ಪಂಪು. 2016ರ ಅಕ್ಟೋಬರ್ 25ರಂದು ಅದರಲ್ಲೊಂದು ಪಂಪು ಕೆಟ್ಟು ನಿಂತಿತು, ಆ ದಿನವೇ ಅದು ಮೂರನೆಯ ಸಲ. ಮಟ್ಟ ಕುಸಿದು, ಇಳಿಯುವ ಜಾಗದ ಕನ್ವೇಯರಿನ ಕೊನೆಯಲ್ಲಿ ಉಕ್ಕಿನ ಹಳಿಗಳ ಮೇಲೆ ಒಂದು ತೆಪ್ಪ ಕೂತುಬಿಟ್ಟಿತು. ಕನ್ವೇಯರ್ ಮಾತ್ರ ಓಡುತ್ತಲೇ ಇತ್ತು. ಅದು ಹೊತ್ತು ತಂದ ಹಿಂದಿನ ತೆಪ್ಪ ನಿಂತ ತೆಪ್ಪಕ್ಕೆ ಗುದ್ದಿ ಮೇಲಕ್ಕೆದ್ದಿತು, ನಾಲ್ವರು ಯಂತ್ರದ ಪಾಲಾದರು. ನೀರಿನ ಮಟ್ಟ ಇಳಿದರೆ ಕನ್ವೇಯರನ್ನು ತಾನಾಗಿ ನಿಲ್ಲಿಸುವ ಸಾಧನ ಅಲ್ಲಿರಲಿಲ್ಲ, ಸಿಬ್ಬಂದಿ ನೋಡಿ, ತಿಳಿದು, ಗುಂಡಿ ಒತ್ತಬೇಕಿತ್ತು. ಕನ್ವೇಯರಿನ ಹಲಗೆಗಳ ನಡುವೆ ಮನುಷ್ಯ ಸಿಕ್ಕಿಕೊಳ್ಳುವಷ್ಟು ಸಂದುಗಳಿದ್ದವು. ಮರಣ ವಿಚಾರಣಾಧಿಕಾರಿಯ ವರದಿ 2020ರಲ್ಲಿ ಬಂತು, ಅದೇ ವರ್ಷ ಕಂಪನಿಗೆ 36 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಮನೆಯ ಮಾಳಿಗೆಯ ಟ್ಯಾಂಕು ತುಂಬಿದಾಗ ಮೋಟರ್ ಆಫ್ ಮಾಡುವ ಫ್ಲೋಟ್ ಸ್ವಿಚ್ ನಮ್ಮಲ್ಲಿ ಬೀದಿ ಬದಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಆ ನದಿಗೆ ಬೇಕಿದ್ದುದು ಅದೇ ಜಾತಿಯ ಒಂದು ಉಪಕರಣ.

ಟ್ಯೂಬಿನಲ್ಲಿ ಕೂತು ತೇಲುವ ಲೇಜಿ ರಿವರ್ ಎಲ್ಲಕ್ಕಿಂತ ನಿರುಪದ್ರವಿ ಎಂದು ಅಜ್ಜಿಯರೂ ಮಕ್ಕಳೂ ಅಲ್ಲೇ ಇಳಿಯುತ್ತಾರೆ. ಆ ನೀರನ್ನು ತಳ್ಳುವ ಪಂಪುಗಳು ಎಲ್ಲಿಂದಲೋ ನೀರು ಎಳೆದುಕೊಳ್ಳಲೇಬೇಕು. ಹಾಗೆ ಎಳೆಯುವ ಬಾಯಿಗೆ ಹಾಕಿದ 20 ಸೆಂಟಿಮೀಟರ್ ಉದ್ದಗಲದ ಒಂದೇ ಜಾಲರಿಯನ್ನು ಮಗುವಿನ ಬೆನ್ನು ಪೂರ್ತಿ ಮುಚ್ಚಿತು ಎನ್ನಿ. ವಾಯುಭಾರದ ಮೂರನೇ ಒಂದರಷ್ಟು ಎಳೆತ ಹುಟ್ಟಿದರೂ ಸಾಕು, 120 ಕಿಲೋಗೂ ಮಿಕ್ಕಿ ಬಲ. ಇಬ್ಬರು ದೊಡ್ಡವರು ಸೇರಿ ಎಳೆದರೂ ಬಿಡಿಸುವುದು ಕಷ್ಟ. ಅದಕ್ಕೇ ಒಂದು ಪಂಪಿಗೆ ಕನಿಷ್ಠ ಎರಡು ಬಾಯಿ ಇರಬೇಕು, ಅವುಗಳ ನಡುವೆ ಒಂದು ಮೀಟರಿನಷ್ಟು ದೂರವಿರಬೇಕು, ಒಂದು ಮುಚ್ಚಿದರೆ ಇನ್ನೊಂದು ಎಳೆಯಬೇಕು. ಜಾಲರಿಯ ಬಳಿ ನೀರಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ದಾಟಬಾರದು. ಮುಚ್ಚಳ ಚಪ್ಪಟೆಯಾಗಿರದೆ ಉಬ್ಬಾಗಿರಬೇಕು, ಸ್ಕ್ರೂ ಒಂದು ಬಿದ್ದುಹೋಗಿದ್ದರೂ ಆ ದಿನ ನದಿ ಮುಚ್ಚಬೇಕು. ಉದ್ದ ಜಡೆ ಜಾಲರಿಯೊಳಗೆ ಹೊಕ್ಕು ಹಿಂಬದಿಯಲ್ಲಿ ಗಂಟಾಗುತ್ತದೆ, ಪಂಪು ನಿಲ್ಲಿಸಿದರೂ ಬಿಡುವುದಿಲ್ಲ. ಜಡೆಯನ್ನು ಟೋಪಿಯೊಳಗೆ ಸೇರಿಸಲು ಒತ್ತಾಯಿಸುವುದು ಇದಕ್ಕಾಗಿ.

ಟ್ಯೂಬುಗಳು ಗುಂಪುಗೂಡಿದರೆ ಅಡಿಯಲ್ಲಿ ಮುಳುಗಿದ ಮಗು ಕಾಣುವುದಿಲ್ಲ. ಮುಳುಗುವವರು ಕೂಗುವುದಿಲ್ಲ, ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರಿಗೇ ಪುರುಸೊತ್ತಿರುವುದಿಲ್ಲ. ಹತ್ತು ಸೆಕೆಂಡಿನಲ್ಲಿ ತನ್ನ ಪಾಲಿನ ನೀರನ್ನೆಲ್ಲ ಕಣ್ಣಾಡಿಸಿ, ಇಪ್ಪತ್ತು ಸೆಕೆಂಡಿನಲ್ಲಿ ತಲುಪಬಲ್ಲಷ್ಟು ಜಾಗವನ್ನು ಮಾತ್ರ ಒಬ್ಬ ಲೈಫ್‌ಗಾರ್ಡಿಗೆ ಕೊಡಬೇಕು ಎನ್ನುವುದು ಈ ಕಸುಬಿನ ಹಳೆಯ ಅಳತೆ. ತಿರುವಿನಾಚೆ, ಸೇತುವೆಯಡಿ, ಕೃತಕ ಗುಹೆಯೊಳಗೆ ಕಣ್ಣು ಹೋಗುವುದಿಲ್ಲ. ಅಂದಕ್ಕೆಂದು ಕಟ್ಟಿದ ಗುಹೆಗೆ ಇನ್ನೊಬ್ಬ ಗಾರ್ಡಿನ ಸಂಬಳವನ್ನೂ ಸೇರಿಸಿಯೇ ಅಂದಾಜುಪಟ್ಟಿ ಮಾಡಬೇಕಿತ್ತು, ಬಹಳ ಕಡೆ ಮಾಡಿರುವುದಿಲ್ಲ.

ಕರೆಂಟು ಹೋದಾಗ ಏನಾಗುತ್ತದೆ ಎನ್ನುವುದು ನಮ್ಮ ಪಾರ್ಕುಗಳಿಗೆ ದಿನದ ಪ್ರಶ್ನೆ. ಪೂರ್ತಿ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಅಪಾಯ ಇರುವುದು ಮೂರರಲ್ಲಿ ಒಂದೇ ಫೇಸ್ ಹೋದಾಗ. ಪಂಪು ಟ್ರಿಪ್ ಆಗುತ್ತದೆ, ಸಂಗೀತ, ದೀಪ ನಡೆದೇ ಇರುತ್ತವೆ. ಸ್ಲೈಡಿನ ನೀರು ಸೆಕೆಂಡುಗಳಲ್ಲಿ ಬಸಿದುಹೋಗಿ, ಮೇಲಿನವನು ಅದನ್ನು ಗಮನಿಸುವ ಮೊದಲೇ ಒಣ ಫೈಬರಿನ ಮೇಲೆ ಇನ್ನೂ ಇಬ್ಬರನ್ನು ಬಿಟ್ಟಿರುತ್ತಾನೆ. ಪಂಪಿನ ಕೊಳವೆಯಲ್ಲಿ ಫ್ಲೋ ಸ್ವಿಚ್ ಕೂರಿಸಿ, ಹರಿವು ತಗ್ಗಿದ ಕ್ಷಣ ಮೇಲಿನ ಗೇಟು ಬೀಳುವಂತೆ, ಕೆಂಪು ದೀಪ ಹೊತ್ತುವಂತೆ ಬೆಸೆಯಬೇಕು. ಆ ದೀಪ, ಗೇಟು ಬ್ಯಾಟರಿಯ ಮೇಲೆ ನಡೆಯಬೇಕು.

ಜನರೇಟರ್ ಶುರುವಾದ ಮೇಲೆ ಪಂಪು ತಾನಾಗಿ ಓಡಲು ಬಿಡಬಾರದು. ನಡುದಾರಿಯಲ್ಲಿ ಸಿಕ್ಕಿಬಿದ್ದವರು ಅಲ್ಲೇ ಕೂತಿದ್ದರೆ ನೀರು ಅವರನ್ನು ಅಡ್ಡಾದಿಡ್ಡಿ ಒಯ್ಯುತ್ತದೆ. ಮೊದಲು ಮೇಲಿಂದ ಕೆಳಗಿನವರೆಗೆ ಸಿಬ್ಬಂದಿ ನೋಡಿ, ಒಳಗೆ ಯಾರೂ ಇಲ್ಲವೆಂದು ಮೇಲಿನವರೂ ಕೆಳಗಿನವರೂ ವಾಕಿಟಾಕಿಯಲ್ಲಿ ಹೇಳಬೇಕು. ಚೆಕ್ ವಾಲ್ವ್ ಕೆಟ್ಟಿದ್ದರೆ ಕೊಳವೆಯ ನೀರು ವಾಪಸ್ ಇಳಿದು ಪಂಪನ್ನು ಹಿಮ್ಮುಖ ತಿರುಗಿಸುತ್ತಿರುತ್ತದೆ, ಅದು ನಿಂತ ಮೇಲೆ ಸ್ವಿಚ್ ಹಾಕಬೇಕು. ಹರಿವು ಬಂದ ಮೇಲೆ ಕನಿಷ್ಠ ಎರಡು ನಿಮಿಷ ಕಾದು, ಕೆಳಗಿನ ಬ್ರೇಕಿನ ಕಾಲುವೆಯ ನೀರು ಎರಡು ಗೆರೆಗಳ ನಡುವೆ ಬಂದಿದೆಯೇ ನೋಡಿ, ಸಿಬ್ಬಂದಿಯಲ್ಲೊಬ್ಬರು ಇಳಿದು ತೋರಿಸಿದ ನಂತರ ಸಾಲಿನ ಮೊದಲ ಮಗುವನ್ನು ಬಿಡಬೇಕು.