ಕೀಡಿಯ ರೋಗ ಹೊತ್ತು ತಿರುಗುವ ತಿಗಣೆ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನಾರಾಯಣಗಾಂವ್ ಟೊಮೆಟೊ ಕ್ರೇಟು ಇಳಿಸುವ ನಮ್ಮ ಕಲಬುರಗಿ ಕಡೆಯವರಿಗೆ ತೂತು ಬಿದ್ದ ಹಣ್ಣು ಕಂಡರೆ ಸಾಕು, ‘ಕೀಡಿ’ ಅನ್ನುತ್ತಾರೆ. ಊರಲ್ಲಿ ತೊಗರಿ, ಕಡಲೆ ತಿನ್ನುವುದೂ ಇದೇ ಕಾಯಿ ಕೊರಕ.

ಧಾರವಾಡಕ್ಕೆ 1947ರಲ್ಲಿ ಕೃಷಿ ಕಾಲೇಜು ಬರುವವರೆಗೆ ಆ ಕಡೆಯ ಹುಡುಗರು ಕೃಷಿ ಓದಲು ಪುಣೆಗೇ ಬರುತ್ತಿದ್ದರು. ಆಗ ಹುಳುವಿಗೆ ಮದ್ದೆಂದರೆ ಆರಿಸಿ ತೆಗೆಯುವುದು, ಮಾಗಿ ಉಳುಮೆ ಮಾಡುವುದು. ಆಮೇಲೆ ಡಿಡಿಟಿ ಬಂತು, ಪೈರಿಥ್ರಾಯ್ಡ್ ಎಂಬ ಕೀಟನಾಶಕ ಬಂತು. ಕೀಡಿ ಎಲ್ಲವನ್ನೂ ಅರಗಿಸಿಕೊಂಡಿತು. 1997-98ರಲ್ಲಿ ಕಲಬುರಗಿಯ ತೊಗರಿ ಹೊಲಗಳನ್ನು ಬೋಳಿಸಿತು.

ಈ ಹುಳುವಿಗೂ ಒಂದು ರೋಗವಿದೆ, ಎನ್‌ಪಿವಿ ಎಂಬ ವೈರಸ್. ರೇಷ್ಮೆಯವರು ಹಾಲುತೊಂಡೆ ಅನ್ನುವುದು ಇದರದೇ ದಾಯಾದಿ. ರೋಗ ಹತ್ತಿದ ಹುಳು ಗಿಡದ ತುದಿಗೆ ಹತ್ತಿ, ತಲೆಕೆಳಗಾಗಿ ಜೋತು, ಒಳಗೆಲ್ಲ ನೀರಾಗಿ ಒಡೆಯುತ್ತದೆ. ಕೆಳಗಿನ ಎಲೆಗೆ ಬಿದ್ದ ರಸವನ್ನು ಮತ್ತೊಂದು ಹುಳು ತಿನ್ನುತ್ತದೆ. 1975ರಲ್ಲಿ ಅಮೆರಿಕದಲ್ಲಿ ಇಂಥದೊಂದು ವೈರಸ್ಸನ್ನು ಹೊಲಕ್ಕೆ ಹೊಡೆಯಲು ಪರವಾನಗಿ ಸಿಕ್ಕಿತು. ನಮ್ಮಲ್ಲಿ ಕಡಲೆಗೆ ಹೆಕ್ಟೇರಿಗೆ 250 ಎಲ್‌ಇ ಎಂಬ ಲೆಕ್ಕ ಬಂತು. ಒಂದು ಎಲ್‌ಇ ಅಂದರೆ ಸುಮಾರು ಒಂದು ಸತ್ತ ಹುಳುವಿನಿಂದ ಸಿಗುವ ವೈರಸ್ ಒಳಗಿಟ್ಟುಕೊಂಡ 600 ಕೋಟಿ ಹರಳು. ಬಿಸಿಲಿಗೆ ಇವು ಬೇಗ ಸಾಯುತ್ತವೆ. ಅದಕ್ಕೇ ಬೆಲ್ಲ, ಬಟ್ಟೆಗೆ ಹಾಕುವ ನೀಲಿ ಬೆರೆಸಿ ಸಂಜೆ ಹೊಡೆಯುವುದು.

ಇಷ್ಟರಲ್ಲಿ ತಿಗಣೆ ಮರೆತೇ ಹೋಯಿತು. ಇದು ಹಾಸಿಗೆಯ ತಿಗಣೆಯಲ್ಲ, ಹೊಲದಲ್ಲಿ ಹುಳು ಬೇಟೆಯಾಡುವಂಥದು. ಗುರಾಣಿಯಂಥ ಬೆನ್ನಿನ ಈ ಬೇಟೆಗಾರ ತಿಗಣೆ ಜಡವಾದ ರೋಗಿ ಹುಳುವಿಗೆ ಸೂಜಿಮೂತಿ ಚುಚ್ಚಿ, ಅಲ್ಲಾಡದೆ ಕೂತು ಹೀರುತ್ತದೆ. ಹರಳು ಕರಗಿ ವೈರಸ್ ಹೊರಬರಲು ಹುಳುವಿನ ಕರುಳಿನಲ್ಲಿರುವಂಥ ಗಟ್ಟಿ ಕ್ಷಾರ ಬೇಕು. ತಿಗಣೆಯ ಹೊಟ್ಟೆಯಲ್ಲಿ ಅದಿಲ್ಲ. ಹಾಗಾಗಿ ಅದಕ್ಕೆ ಏನೂ ಆಗುವುದಿಲ್ಲ. ಹರಳುಗಳು ಹಿಕ್ಕೆಯಲ್ಲಿ ಜೀವಂತವಾಗಿ ಹೊರಬೀಳುತ್ತವೆ, ಅದೂ ಹಲವು ದಿನ. ಅದು ಕೂತ ಗಿಡಕ್ಕೆಲ್ಲ ರೋಗ ಬಿತ್ತಿದ ಹಾಗೆ. ಅಮೆರಿಕದ ಸೋಯಾಬೀನ್ ಹೊಲಗಳಲ್ಲಿ 1980ರ ದಶಕದಲ್ಲೇ ಇದನ್ನು ಗಮನಿಸಿದ್ದರು. 1990ರ ದಶಕದಲ್ಲಿ ಕುಲಾಂತರಿ ವೈರಸ್ ಬಂದಾಗ ಇದೇ ಗುಣ ಭಯಕ್ಕೂ ಕಾರಣವಾಯಿತು: ತಿಗಣೆ ಅದನ್ನೂ ಹೊತ್ತೊಯ್ದರೆ?

ನಮ್ಮ ಕಡೆ ಮಾತ್ರ ವೈರಸ್ಸನ್ನೂ ಬಾಟಲಿಯ ಎಣ್ಣೆಯ, ಅಂದರೆ ಕೀಟನಾಶಕದ ಹಾಗೇ ಅಳೆದರು: ಹೊಡೆದ ಮಾರನೇ ದಿನ ಎಷ್ಟು ಹುಳು ಸತ್ತವು? ವೈರಸ್ ಹತ್ತಿದ ಹುಳು ಸಾಯಲು ವಾರವೇ ಹಿಡಿಯಬಹುದು. ಮೂರನೇ ದಿನ ಅದಿನ್ನೂ ಕಾಯಿ ತಿನ್ನುವುದನ್ನು ನೋಡಿ, ಸಾಲದ ಭಾರ ಹೊತ್ತ ರೈತ ಮತ್ತೆ ಪಂಪು ಬೆನ್ನಿಗೇರಿಸುತ್ತಾನೆ. ಅವನನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಆ ಎಣ್ಣೆಗೆ ಮೊದಲು ಉದುರುವುದು ಎಲೆಯ ಮೇಲೆ ಬಿಸಿಲಿಗೆ ಕೂತ ತಿಗಣೆ. ಕಾಯಿಯೊಳಗೆ ತಲೆ ತೂರಿಸಿದ ಕೀಡಿ ಉಳಿಯುತ್ತದೆ.